ಒಂದೇ ಹೊತ್ತಿಗೆ ಎರಡು ಗೇರು

ಚಾಮರಾಜನಗರ ಜಿಲ್ಲೆಯ ಆರಂಬಗಾರರು ಉಳುಮೆಗೆ ಜೂನ್ ತಿಂಗಳವರೆಗೆ ಕಾಯುವವರಲ್ಲ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ, ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಒಂದೆರಡು ಸಲ ಜೋರಾಗಿ ಹೊಯ್ದರೆ ಸಾಕು, ಗುಂಡ್ಲುಪೇಟೆ, ತೆರಕಣಾಂಬಿ, ಬೇಗೂರು, ಹಂಗಳದ ಸುತ್ತಿನ ಹೊಲಗಳಲ್ಲಿ ಕಲ್ಟಿವೇಟರ್ ಇಳಿಯುತ್ತದೆ. ಸೂರ್ಯಕಾಂತಿ, ಹತ್ತಿ, ಜೋಳ, ಅರಿಶಿನ, ಚೆಂಡುಹೂವು, ಸಣ್ಣ ಈರುಳ್ಳಿ ಎಲ್ಲಕ್ಕೂ ಮೊದಲು ಬೇಕಾದದ್ದು ಹದ. ಕೆಂಪು ಮಣ್ಣಿನಲ್ಲಿ ಆ ಹದ ಹೆಚ್ಚು ದಿನ ನಿಲ್ಲುವುದಿಲ್ಲ. ಬಿಸಿಲು ಬಿದ್ದರೆ ಮೇಲ್ಪದರ ಗಟ್ಟಿಯಾಗುತ್ತದೆ, ಮತ್ತೆ ಮಳೆ ಬಂದರೆ ಕೆಸರಾಗುತ್ತದೆ.

ಬೇಸಿಗೆಯುದ್ದಕ್ಕೂ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದ ಹಳೆಯ ಮ್ಯಾಸಿ ಟ್ರ್ಯಾಕ್ಟರು ಹೊರಗೆ ಬರುವುದು ಆಗಲೇ. ಅದು ಕೈಕೊಡುವುದೂ ಹೆಚ್ಚಾಗಿ ಆಗಲೇ. “ಗೇರು ಕಚ್ಕಂಡು ಕೂತ್ಬುಟ್ಟದೆ ಕಣಣ್ಣ, ಎಳುದ್ರೂ ಬರಕಿಲ್ಲ” ಎಂದು ಮೆಕ್ಯಾನಿಕ್ಕಿಗೆ ಫೋನು ಹೋಗುತ್ತದೆ. ಮೆಕ್ಯಾನಿಕ್ಕು ಬರುವ ಮೊದಲೇ ಮನೆಯವರಲ್ಲಿ ಯಾರೋ ಒಬ್ಬರು ಗೇರು ಲಿವರಿಗೆ ಕಬ್ಬಿಣದ ಪೈಪು ತೊಡಿಸಿ ಜಗ್ಗಿ ನೋಡಿರುತ್ತಾರೆ. ಈ ಅಧ್ಯಾಯ ಬರೆಯುತ್ತಿರುವುದು ಆ ಪೈಪಿಗೆ ಕೈಹಾಕುವ ಮುಂಚಿನ ಐದು ನಿಮಿಷಕ್ಕಾಗಿ. ಕಚ್ಚಿಕೊಂಡ ಗೇರಿನಲ್ಲಿ ಬಹಳ ಸಲ ಯಾವ ಭಾಗವೂ ಮುರಿದಿರುವುದಿಲ್ಲ. ಒಳಗೆ ಕಾವಲಿಗೆಂದೇ ಇಟ್ಟ ಒಂದು ಪುಟ್ಟ ಪಿನ್ನು ತನ್ನ ಕೆಲಸ ಮಾಡುತ್ತಿರುತ್ತದೆ. ಮುರಿಯುವುದು ಪೈಪು ಹಾಕಿ ಜಗ್ಗಿದ ಮೇಲೆ.

ಮೊದಲು ಈ ಯಂತ್ರದ ವಂಶವನ್ನು ಸ್ವಲ್ಪ ನೋಡೋಣ. ಹ್ಯಾರಿ ಫರ್ಗುಸನ್ ರೂಪಿಸಿದ ಟಿಇ-20 ಎಂಬ ಬೂದುಬಣ್ಣದ ಸಣ್ಣ ಟ್ರ್ಯಾಕ್ಟರು 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಯಿತು, 5 ಲಕ್ಷಕ್ಕೂ ಹೆಚ್ಚು. ಅದರ ಮುಂದಿನ ಪೀಳಿಗೆ 35. ಫರ್ಗುಸನ್ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ 1953ರಲ್ಲೇ ಸೇರಿತ್ತು, ಹಾಗಾಗಿ ಆ ಟ್ರ್ಯಾಕ್ಟರು ಮ್ಯಾಸಿ ಫರ್ಗುಸನ್ 35 ಆಯಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ ಮ್ಯಾಸಿ ಟ್ರ್ಯಾಕ್ಟರುಗಳನ್ನು ಇಲ್ಲೇ ಕಟ್ಟತೊಡಗಿತು. 1961-62ರಲ್ಲಿ ಇಡೀ ಭಾರತದಲ್ಲಿ ತಯಾರಾದ ಟ್ರ್ಯಾಕ್ಟರುಗಳು ಕೇವಲ 880. ಮದರಾಸಿನಿಂದ ಬಂದ ಮ್ಯಾಸಿ, ಮಹೀಂದ್ರದ ಬಿ-275, ಝೆಕೊಸ್ಲೊವಾಕಿಯಾದ ಝೆಟರ್ ಮಾದರಿಯ ಎಚ್‌ಎಂಟಿ ನಮ್ಮ ಹಳ್ಳಿಗಳ ಮೊದಲ ತಲೆಮಾರಿನವು. ಅವುಗಳ ಬೀಡುಕಬ್ಬಿಣದ ಮೈ ದಪ್ಪ, ಕೂಡಿಸಿದ ರೀತಿ ಸರಳ. ನಲವತ್ತು ವರ್ಷ ದಾಟಿದವು ಇನ್ನೂ ಉಳುತ್ತಿವೆ.

ಮ್ಯಾಸಿ 35ರ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಅದರ ಹಿಂದೆ ಹೈ-ಲೋ ಬದಲಿಸುವ ಇನ್ನೊಂದು ಘಟಕ. ಇದರಲ್ಲಿ ನಡುವೆ ಒಂದು ಚಕ್ರ, ಅದರ ಸುತ್ತ ಓಡಾಡುವ ಪುಟ್ಟ ಚಕ್ರಗಳು, ಎಲ್ಲವನ್ನೂ ಒಳಹಲ್ಲಿನಿಂದ ಬಳಸಿದ ಒಂದು ಬಳೆ. ಬಳೆಯ ಹಲ್ಲು ನಡುಚಕ್ರದ ಹಲ್ಲಿನ ಮೂರು ಪಟ್ಟಿದ್ದರೆ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ತಿರುಚುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗೆ ಮುಂದಕ್ಕೆ ಆರು, ಹಿಂದಕ್ಕೆ ಎರಡು. ಲೋ ಒಂದರಲ್ಲಿ ಟ್ರ್ಯಾಕ್ಟರು ಗಂಟೆಗೆ ಸುಮಾರು 2 ಕಿಲೋಮೀಟರು ಹೋದರೆ ಹೈ ಮೂರರಲ್ಲಿ 23ರ ಹತ್ತಿರ.

ಮುಂದಿನ ಮೂರು ಗೇರುಗಳದ್ದೇ ನಮ್ಮ ಕಥೆ. ಅವು ಜಾರುವ ಗೇರುಗಳು. ಉದ್ದಕ್ಕೆ ಗೀರು ಕೊರೆದ ಶಾಫ್ಟಿನ ಮೇಲೆ ಗೇರು ಹಿಂದೆ ಮುಂದೆ ಸರಿಯುತ್ತದೆ, ಸರಿದು ಎದುರು ಶಾಫ್ಟಿನ ಗೇರಿನ ಹಲ್ಲಿನೊಳಗೆ ಹಲ್ಲು ತೂರಿಸುತ್ತದೆ. ಫ್ರಾನ್ಸಿನ ಪನಾರ್ ಮತ್ತು ಲೆವಾಸ್ಸೋರ್ 1890ರ ದಶಕದಲ್ಲಿ ಮೋಟಾರು ಗಾಡಿಗೆ ಅಳವಡಿಸಿದ ಉಪಾಯವಿದು. ಎರಡೂ ಹಲ್ಲುಗಳ ವೇಗ ಒಂದೇ ಆಗಿದ್ದರೆ ಮೆಲ್ಲಗೆ ಕೂಡುತ್ತವೆ, ಇಲ್ಲದಿದ್ದರೆ ಕರಕರ ಅನ್ನುತ್ತವೆ. ವೇಗವನ್ನು ತಾನೇ ಸರಿದೂಗಿಸುವ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದಿತ್ತಾದರೂ ಹೊಲದ ಟ್ರ್ಯಾಕ್ಟರಿಗೆ ಅದು ಬೇಕೆಂದು ಆಗ ಯಾರಿಗೂ ಅನ್ನಿಸಲಿಲ್ಲ. ನಿಲ್ಲಿಸು, ಕ್ಲಚ್ ಒತ್ತು, ಗೇರು ಹಾಕು, ಹೊರಡು. ಉಳುಮೆಗೆ ಅಷ್ಟು ಸಾಕು. ಬೈಕು, ಕಾರು ಓಡಿಸಿ ಅಭ್ಯಾಸವಾದ ಹುಡುಗರು ಇದನ್ನು ಓಡುತ್ತಿರುವಾಗಲೇ ಬದಲಿಸುತ್ತಾರೆ. ಹಲ್ಲಿನ ತುದಿ ದುಂಡಾಗುತ್ತದೆ. ದುಂಡಾದ ಹಲ್ಲು ಭಾರ ಬಿದ್ದಾಗ ಹೊರಕ್ಕೆ ಜಾರುತ್ತದೆ, ಜಾರದಂತೆ ಹುಡುಗ ಲಿವರನ್ನು ಕೈಯಲ್ಲೇ ಒತ್ತಿ ಹಿಡಿದು ಉಳುತ್ತಾನೆ. ಮುಂದಿನ ಸವೆತವೆಲ್ಲ ಶುರುವಾಗುವುದು ಇಲ್ಲಿಂದಲೇ.

ಲಿವರಿನ ಕೆಳಗೆ ಏನಿದೆ? ಒಂದರ ಪಕ್ಕ ಒಂದು ಎರಡು ಉಕ್ಕಿನ ಸರಳುಗಳು. ಒಂದು ಸರಳಿನ ಪಾಲಿಗೆ ಒಂದನೇ ಗೇರು ಮತ್ತು ರಿವರ್ಸ್, ಇನ್ನೊಂದರ ಪಾಲಿಗೆ ಎರಡು ಮತ್ತು ಮೂರು. ಸರಳಿಗೆ ಕವಲುಳ್ಳ ಒಂದು ಫೋರ್ಕು ಕೂಡಿಸಿದೆ, ಅದು ಗೇರಿನ ಕೊರಳಿನ ತೋಡಿನಲ್ಲಿ ಕೂತು ಗೇರನ್ನು ಸರಿಸುತ್ತದೆ. ಎರಡೂ ಸರಳುಗಳಿಗೆ ಲಿವರಿನ ತುದಿ ಕೂರುವಷ್ಟು ಒಂದೊಂದು ಕಚ್ಚು ಇದೆ. ನ್ಯೂಟ್ರಲ್‌ನಲ್ಲಿ ಎರಡೂ ಕಚ್ಚುಗಳು ಒಂದರ ಎದುರು ಒಂದು ನಿಂತಿರುತ್ತವೆ, ಲಿವರಿನ ತುದಿ ಎಡದ ಕಚ್ಚಿನಿಂದ ಬಲದ ಕಚ್ಚಿಗೆ ಸಲೀಸಾಗಿ ಓಡಾಡುತ್ತದೆ. ಗೇರು ಹಾಕುವುದೆಂದರೆ ಒಂದು ಕಚ್ಚನ್ನು ಆರಿಸಿ ಅದರ ಸರಳನ್ನು ಮುಂದಕ್ಕೋ ಹಿಂದಕ್ಕೋ ತಳ್ಳುವುದು, ಅಷ್ಟೆ.

ತಳ್ಳಿದ ಸರಳು ತಾನಾಗಿ ಜರುಗಬಾರದಲ್ಲ. ಅದಕ್ಕಾಗಿ ಅದರ ಮೈಮೇಲೆ ಮೂರು ಕುಳಿಗಳಿವೆ, ಸ್ಪ್ರಿಂಗು ಒತ್ತುತ್ತಿರುವ ಉಕ್ಕಿನ ಗುಂಡೊಂದು ಅವುಗಳಲ್ಲಿ ಯಾವುದಾದರೂ ಒಂದರಲ್ಲಿ ಕೂತಿರುತ್ತದೆ. ಅಳಗುಳಿಮಣೆಯ ಗುಳಿಯಲ್ಲಿ ಕೂತ ಹುಣಸೆಬೀಜದಂತೆ, ಮಣೆಯನ್ನು ಸ್ವಲ್ಪ ಅಲುಗಿಸಿದರೆ ಅದು ತನ್ನ ಗುಳಿಗೇ ಮರಳುತ್ತದೆ, ಏರು ದಾಟಿಸುವಷ್ಟು ನೂಕಿದರೆ ಮಾತ್ರ ಪಕ್ಕದ ಗುಳಿಗೆ ಬೀಳುತ್ತದೆ. ಗೇರು ಬಿದ್ದಾಗ ಅಂಗೈಗೆ ತಾಗುವ ‘ಟಕ್’ ಈ ಗುಂಡಿನದು. ಅನುಭವಿ ಚಾಲಕ ಆ ಟಕ್ಕನ್ನು ಕೇಳಿಯೇ ಕ್ಲಚ್ ಬಿಡುತ್ತಾನೆ.

ಈಗ ಅಸಲಿ ಪ್ರಶ್ನೆ. ಎರಡೂ ಸರಳುಗಳು ಒಟ್ಟಿಗೆ ಸರಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಒಂದನೇ ಗೇರಿನಲ್ಲಿ ಹಿಂದಿನ ಶಾಫ್ಟು ಮುಂದಿನದರ ಅರ್ಧ ವೇಗದಲ್ಲಿ ತಿರುಗಬೇಕು ಎಂದುಕೊಳ್ಳೋಣ. ಮೂರನೇ ಗೇರಿನಲ್ಲಿ ಅಷ್ಟೇ ವೇಗದಲ್ಲಿ ತಿರುಗಬೇಕು. ಎರಡೂ ಒಟ್ಟಿಗೆ ಬಿದ್ದರೆ ಒಂದೇ ಶಾಫ್ಟು ಅರ್ಧ ವೇಗದಲ್ಲೂ ಪೂರ್ತಿ ವೇಗದಲ್ಲೂ ತಿರುಗಬೇಕಾಗುತ್ತದೆ. ಒಂದು ಸಂಖ್ಯೆ ತನ್ನ ಅರ್ಧಕ್ಕೆ ತಾನೇ ಸಮನಾಗಿರಬೇಕೆಂದರೆ ಅದು ಸೊನ್ನೆಯಾಗಿರಲೇಬೇಕು. ಬೀಜಗಣಿತ ಹೇಳುವ ಆ ಸೊನ್ನೆಯೇ ಹೊಲದ ನಡುವೆ ಅಲುಗದೆ ನಿಂತ ಟ್ರ್ಯಾಕ್ಟರು. ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಉತ್ತರ ಬದಲಾಗುವುದಿಲ್ಲ, ಹಲ್ಲುಗಳು ಇನ್ನಷ್ಟು ಬಿಗಿಯುತ್ತವೆ. ಇನ್ನೂ ಒಂದು ವಿಚಾರ: ಕ್ಲಚ್ ಒತ್ತಿದರೂ ಈ ಬಿಗಿತ ಸಡಿಲವಾಗದು. ಕ್ಲಚ್ ಬಿಡಿಸುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಬಂಧವನ್ನು. ಇಲ್ಲಿ ತಿರುಚುವ ಬಲ ಗೇರ್ ಬಾಕ್ಸಿನ ಒಳಗೇ, ಎರಡು ಶಾಫ್ಟುಗಳ ನಡುವೆ ಸಿಕ್ಕಿಬಿದ್ದಿದೆ.

ಇದಾಗದಿರಲೆಂದು ಎರಡು ಸರಳುಗಳ ನಡುವೆ ಒಂದು ಚಿಕ್ಕ ಪಿನ್ನು ಅಡ್ಡಲಾಗಿ ಇಟ್ಟಿರುತ್ತಾರೆ. ಅದರ ಉದ್ದವನ್ನು ಬಲು ಲೆಕ್ಕಾಚಾರದಿಂದ ಇಟ್ಟಿದೆ: ಒಂದು ಸರಳು ನ್ಯೂಟ್ರಲ್ ಬಿಟ್ಟು ಸರಿದ ಕೂಡಲೇ ಅದರ ಮೈ ಪಿನ್ನನ್ನು ಪಕ್ಕಕ್ಕೆ ತಳ್ಳುತ್ತದೆ, ಪಿನ್ನಿನ ಇನ್ನೊಂದು ತುದಿ ಪಕ್ಕದ ಸರಳಿನ ಕುಳಿಗೆ ಹೊಕ್ಕು ಅದನ್ನು ಕದಲದಂತೆ ಹಿಡಿಯುತ್ತದೆ. ಮೊದಲಿನದು ನ್ಯೂಟ್ರಲ್‌ಗೆ ಮರಳುವ ತನಕ ಎರಡನೆಯದಕ್ಕೆ ಬಿಡುಗಡೆಯಿಲ್ಲ. ನನ್ನ ಮಟ್ಟಿಗೆ ಇಡೀ ಟ್ರ್ಯಾಕ್ಟರಿನ ಅತ್ಯಂತ ಸುಂದರ ಭಾಗ ಇದೇ. ಕಿರುಬೆರಳಿನ ತುದಿಯಷ್ಟು ಉಕ್ಕು, ವಿದ್ಯುತ್ತಿಲ್ಲ, ಸ್ಪ್ರಿಂಗೂ ಇಲ್ಲ, ಆದರೂ ‘ಒಮ್ಮೆಗೆ ಒಬ್ಬರೇ’ ಎಂಬ ನಿಯಮವನ್ನು ದಶಕಗಟ್ಟಲೆ ಕಾಯುತ್ತದೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ರೈಲ್ವೆಗೆ ಪೇಟೆಂಟ್ ಪಡೆದ ವ್ಯವಸ್ಥೆಯ ತರ್ಕವೂ ಇದರ ಸೋದರನೇ. ಹಳಿಯ ಕವಲಿಗೂ ಸಿಗ್ನಲ್ಲಿಗೂ ನಂಟು ಬೆಸೆದು, ಒಂದಕ್ಕೊಂದು ವಿರುದ್ಧವಾದ ಎರಡು ದಾರಿಗಳಿಗೆ ಏಕಕಾಲಕ್ಕೆ ಹಸಿರು ನಿಶಾನೆ ಸಿಗದಂತೆ ಮಾಡುವುದು. 1965ರಲ್ಲಿ ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರ ಕಂಪ್ಯೂಟರುಗಳಿಗಾಗಿ ಬಿಡಿಸಿದ್ದೂ ಇದೇ ಸಮಸ್ಯೆಯನ್ನು: ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದು ಸಂಪನ್ಮೂಲಕ್ಕೆ ಒಮ್ಮೆಗೆ ಒಂದೇ ಕೆಲಸ ಕೈಹಾಕುವಂತೆ ನೋಡಿಕೊಳ್ಳುವುದು ಹೇಗೆ?

ಹಾಗಿದ್ದೂ ಗೇರು ಕಚ್ಚಿಕೊಳ್ಳುವುದೇಕೆ ಎಂದರೆ, ತಪ್ಪುವುದು ಸಾಮಾನ್ಯವಾಗಿ ಪಿನ್ನಲ್ಲ, ಲಿವರಿನ ತುದಿ. ವರ್ಷಾನುಗಟ್ಟಲೆ ಉಜ್ಜಿ ಆ ತುದಿ ಸಣಕಲಾಗುತ್ತದೆ, ಕಚ್ಚಿನ ಅಂಚೂ ಸವೆಯುತ್ತದೆ. ಒಂದು ದಿನ ಎರಡನೇ ಗೇರಿನಿಂದ ನ್ಯೂಟ್ರಲ್‌ಗೆ ಎಳೆಯುವಾಗ ತುದಿ ಅರ್ಧದಾರಿಯಲ್ಲೇ ಕಚ್ಚಿನಿಂದ ಹಾರಿ ಪಕ್ಕದ ಸರಳಿನ ಕಡೆ ಬೀಳುತ್ತದೆ. ಮೊದಲ ಸರಳು ಗೇರಿನಲ್ಲೇ ಉಳಿಯಿತು. ಲಿವರು ಈಗ ಹಿಡಿದಿರುವುದು ಎರಡನೇ ಸರಳನ್ನು, ಅದನ್ನೋ ಪಿನ್ನು ಬಿಗಿಹಿಡಿದಿದೆ. ಜಗ್ಗಿದರೆ ಬರುವುದಿಲ್ಲ, ಬರಲೂಬಾರದು. ಪೈಪು ಹಾಕಿದಾಗ ಏನಾಗುತ್ತದೆಂದು ನೋಡಿ. ಲಿವರಿನ ಗುಂಡುಕೀಲಿನ ಮೇಲಿನ ಉದ್ದ ಕೆಳಗಿನದರ ಆರು ಪಟ್ಟು ಇದ್ದರೆ, 20 ಕೆಜಿ ಭಾರದಷ್ಟು ಕೈಬಲ ತುದಿಯಲ್ಲಿ 120 ಆಗುತ್ತದೆ. ಪೈಪಿನಿಂದ ಉದ್ದ ಇಮ್ಮಡಿಯಾದರೆ 240. ಫೋರ್ಕು ಬಾಗುತ್ತದೆ, ಇಲ್ಲವೇ ಪಿನ್ನಿನ ಅಂಚು ಜಜ್ಜಿಹೋಗಿ ಎರಡನೇ ಸರಳೂ ಸರಿಯುತ್ತದೆ. ಆಗ ಬೀಳುವುದು ನಿಜವಾದ ಎರಡು ಗೇರು.

ಮುಚ್ಚಳ ಬಿಚ್ಚುವ ಮುನ್ನವೇ ಹೊರಗಿನಿಂದ ಇದನ್ನು ಪತ್ತೆಹಚ್ಚಬಹುದು. ಎಂಜಿನ್ ನಿಲ್ಲಿಸಿದಾಗ ಗೇರು ಸಲೀಸಾಗಿ ಬೀಳುತ್ತದೆ, ಓಡುತ್ತಿರುವಾಗ ಮಾತ್ರ ಕರಕರ ಅನ್ನುತ್ತದೆ ಎಂದರೆ ಗೇರ್ ಬಾಕ್ಸಿನ ತಂಟೆಗೇ ಹೋಗಬೇಡಿ. ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವ್ಹೀಲಿಗೆ ಅಂಟಿಕೊಂಡಿದೆ ಅಥವಾ ಪೆಡಲಿನ ಹೊಂದಾಣಿಕೆ ತಪ್ಪಿದೆ. (ತಿಂಗಳುಗಟ್ಟಲೆ ನಿಲ್ಲಿಸುವ ಟ್ರ್ಯಾಕ್ಟರಿನ ಕ್ಲಚ್ ಪೆಡಲನ್ನು ಮರದ ತುಂಡು ಕೊಟ್ಟು ಒತ್ತಿಯೇ ಇಡುವ ಹಿರಿಯರ ಪದ್ಧತಿ ಇದಕ್ಕೇ ಹುಟ್ಟಿದ್ದು.) ಎಂಜಿನ್ ನಿಂತಾಗಲೂ ಲಿವರು ಅಲುಗದಿದ್ದರೆ ಸಮತಟ್ಟಾದ ಜಾಗದಲ್ಲಿ ಕ್ಲಚ್ ಒತ್ತಿಸಿ ಇಬ್ಬರು ಮೂವರು ತಳ್ಳಿನೋಡಿ. ಉರುಳಿತೇ? ಒಂದೇ ಗೇರು ಸಿಕ್ಕಿಕೊಂಡಿದೆ. ಬ್ರೇಕು ಸಡಿಲವಿದ್ದು, ಹೈ-ಲೋ ಲಿವರು ಯಾವುದಾದರೊಂದರಲ್ಲಿ ಕೂತಿದ್ದು, ಕ್ಲಚ್ ಒತ್ತಿದರೂ ಚಕ್ರ ಕದಲದಿದ್ದರೆ ಎರಡು ಗೇರು ಬಿದ್ದಿವೆ ಎಂದು ಬಹುಮಟ್ಟಿಗೆ ಖಚಿತ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತುದಿ ಹಾರಿದ ಲಿವರು ನೋಡಲು ನ್ಯೂಟ್ರಲ್‌ನಲ್ಲಿ ನಿಂತಂತೆ ಕಾಣಬಹುದು, ಒಳಗೆ ಗೇರು ಬಿದ್ದೇ ಇರುತ್ತದೆ. ಬೂದುಬಣ್ಣದ ಫರ್ಗುಸನ್ನಿನಲ್ಲಿ ಗೇರು ಲಿವರೇ ಸ್ಟಾರ್ಟರ್ ಸ್ವಿಚ್ಚೂ ಆಗಿತ್ತು, ಲಿವರನ್ನು ಸ್ಟಾರ್ಟಿನ ಜಾಗಕ್ಕೆ ತಂದರೆ ಮಾತ್ರ ಎಂಜಿನ್ ತಿರುಗುತ್ತಿತ್ತು. 35ರಲ್ಲಿ ಆ ಕಾವಲು ಹೈ-ಲೋ ಲಿವರಿಗೆ ಬಂತು. ಹಳೆಯ ಗಾಡಿಗಳಲ್ಲಿ ಈ ಸ್ವಿಚ್ಚು ಕೆಟ್ಟಮೇಲೆ ನೆಲದಲ್ಲೇ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿ ಮುಟ್ಟಿಸಿ ಶುರು ಮಾಡುವ ರೂಢಿಯಿದೆ. ಹಾಗೆ ಮಾಡುವವರು ನಿಂತಿರುವುದು ದೊಡ್ಡ ಚಕ್ರದ ಎದುರಿಗೆ. ಗೇರಿನಲ್ಲಿದ್ದ ಡೀಸೆಲ್ ಟ್ರ್ಯಾಕ್ಟರು ಸ್ಟಾರ್ಟರಿನ ಬಲದಿಂದಲೇ ಮುಂದಕ್ಕೆ ಹೊರಡುತ್ತದೆ, ಎಂಜಿನ್ ಹತ್ತಿಕೊಂಡರೆ ನಿಲ್ಲಿಸಲು ಮೇಲೆ ಯಾರೂ ಇರುವುದಿಲ್ಲ. ಬೇರೆ ಏನನ್ನು ಮುಂದೂಡಿದರೂ ಆ ಸ್ವಿಚ್ಚಿನ ರಿಪೇರಿಯನ್ನು ದಯವಿಟ್ಟು ಮುಂದೂಡಬೇಡಿ.

ಬಿಚ್ಚುವ ಕೆಲಸಕ್ಕೆ ಬರೋಣ. ಬ್ಯಾಟರಿಯ ವೈರು ತೆಗೆಯಬೇಕು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಬೇರೆ ಯಾವ ಪಾನಾ ಹಿಡಿಯುವ ಮುಂಚೆ ಮುಚ್ಚಳದ ಸುತ್ತಲಿನ ಮಣ್ಣನ್ನು ಡೀಸೆಲ್, ಬ್ರಶ್ಶಿನಿಂದ ತೊಳೆಯಬೇಕು. ನಮ್ಮ ಕೆಂಪು ಮಣ್ಣಿನ ಮರಳಿನ ಕಣ ಗೇರಿನ ಉಕ್ಕಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಗಟ್ಟಿ. ಬೋಲ್ಟು ಬಿಚ್ಚಿ ಲಿವರಿನ ಸಮೇತ ಮುಚ್ಚಳ ಎತ್ತಿದರೆ ಗಂಧಕದ ವಾಸನೆ ಬೆರೆತ ಗೇರಾಯಿಲ್ಲಿನ ಘಮಲು ಮೂಗಿಗೆ ಬಡಿಯುತ್ತದೆ, ಹಲ್ಲುಗಳ ಒತ್ತಡ ತಾಳಲೆಂದು ಎಣ್ಣೆಗೆ ಸೇರಿಸಿದ ಗಂಧಕದ ಸಂಯುಕ್ತಗಳವು. ಗುಂಡ್ಲುಪೇಟೆಯ ಗ್ಯಾರೇಜೊಂದರಲ್ಲಿ ಈ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಮೆಕ್ಯಾನಿಕ್ಕು ಮುಚ್ಚಳ ಎತ್ತಿದ ಮೇಲೆ ಮೊದಲು ಮಾಡಿದ್ದು ಕೆಳಗಿನ ಗೇರುಗಳ ಮೇಲೆ ಹಳೇ ಪಂಚೆಯ ತುಂಡು ಹಾಸಿದ್ದು. ಕುಳಿಯ ಗುಂಡೋ ಸ್ಪ್ರಿಂಗೋ ಜಿಗಿದು ಒಳಗೆ ಬಿದ್ದರೆ ಇಡೀ ಎಣ್ಣೆ ಇಳಿಸಿ ಹುಡುಕಬೇಕು. ಆಮೇಲೆ ಕಣ್ಣಿನ ಬದಲು ಬೆರಳಿನಲ್ಲೇ ನೋಡಿದರು, ಎರಡು ಕಚ್ಚುಗಳ ಮೇಲೆ ತೋರುಬೆರಳು ಎಳೆದು ಯಾವುದು ಸಾಲು ತಪ್ಪಿದೆ ಎಂದು ತಡವಿದರು. ಸಾಲು ತಪ್ಪಿದ್ದನ್ನು ಟೈರು ಬಿಚ್ಚುವ ಸಲಾಕೆಯಿಂದ ಮೀಟಿದಾಗ ಅರ್ಧ ಬಂದು ನಿಂತಿತು. ಮೀಟುವುದನ್ನು ನಿಲ್ಲಿಸಿ, ಟ್ರ್ಯಾಕ್ಟರನ್ನು ಕಲ್ಲುಗಳ ನಡುವೆಯೇ ಒಂದಿಷ್ಟು ಹಿಂದೆ ಮುಂದೆ ತೂಗಿಸಿದರು.

ಆ ತೂಗುವಿಕೆಯಲ್ಲೇ ಇದೆ ವಿಜ್ಞಾನ. ಹಲ್ಲಿಗೆ ಹಲ್ಲು ಒತ್ತಿಕೊಂಡಿರುವಾಗ ಜಾರಿಸಲು ಬೇಕಾದ ಬಲ ಆ ಒತ್ತಡಕ್ಕೆ ತಕ್ಕಂತೆ ಏರುತ್ತದೆ, ಎಣ್ಣೆ ಸವರಿದ ಉಕ್ಕಿನಲ್ಲೂ ಒತ್ತಡದ ಹತ್ತನೇ ಒಂದಂಶದಷ್ಟು. ಒತ್ತಡವನ್ನೇ ಸೊನ್ನೆ ಮಾಡಿದರೆ ಘರ್ಷಣೆಯೂ ಸೊನ್ನೆ. ತೂಗುವಾಗ ತಿರುಚು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೊರಳುತ್ತದೆ, ಹೊರಳುವ ನಡುವೆ ಒಂದು ಕ್ಷಣ ಹಲ್ಲುಗಳು ಯಾವ ಕಡೆಗೂ ಒತ್ತಿರುವುದಿಲ್ಲ. ಸಲಾಕೆಯ ಮೇಲೆ ಹಗುರವಾಗಿ ಕೈಯಿಟ್ಟು ಆ ಕ್ಷಣವನ್ನು ಕಾದರೆ ಸರಳು ತಾನೇ ಸರಿದು ಗುಂಡು ಟಕ್ಕೆಂದು ಕೂರುತ್ತದೆ.

ಇಷ್ಟಕ್ಕೂ ಬರದಿದ್ದರೆ ತುಕ್ಕು. ಲಿವರಿನ ಬುಡದ ರಬ್ಬರು ಹರಿದ ಟ್ರ್ಯಾಕ್ಟರನ್ನು ಮಳೆಯಲ್ಲಿ ನಿಲ್ಲಿಸಿದರೆ ನೀರು ನೇರವಾಗಿ ಸರಳುಗಳ ಮೇಲೇ ಇಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೂಲ ಲೋಹದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸರಳಿಗೂ ಅದರ ರಂಧ್ರಕ್ಕೂ ನಡುವೆ ಇರುವುದು ಮಿಲಿಮೀಟರಿನ ನೂರನೇ ಕೆಲವು ಭಾಗ ಮಾತ್ರ, ತುಂಬಲು ಎಷ್ಟು ಹೊತ್ತು? ಸುತ್ತಿಗೆ ಬೇಡ. ಗೇರ್ ಬಾಕ್ಸಿನ ಮೈ ಬೀಡು, ಅದರೊಳಗೆ ಚೂರುಚೂರಾಗಿ ಹರಡಿದ ಗ್ರಾಫೈಟಿನ ಹಾಳೆಗಳಿವೆ, ಪೆಟ್ಟು ಬಿದ್ದರೆ ಬಿರುಕು ಅವುಗಳ ಜಾಡು ಹಿಡಿದೇ ಓಡುತ್ತದೆ. ಬೇಕಾದದ್ದು ಸಂದಿಗೆ ನುಗ್ಗುವ ದ್ರವ. 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್ ಸೂತ್ರವೊಂದನ್ನು ಕೊಟ್ಟರು: ಸಣ್ಣ ಸಂದಿನಲ್ಲಿ ದ್ರವ ಸಾಗುವ ದೂರ ಕಾಲದ ವರ್ಗಮೂಲಕ್ಕೆ ಅನುಗುಣ, ದ್ರವ ಎಷ್ಟು ಮಂದವೋ ನಡಿಗೆ ಅಷ್ಟು ನಿಧಾನ. ಗೇರಾಯಿಲ್ಲು ಡೀಸೆಲ್ಲಿಗಿಂತ ಸುಮಾರು ನೂರು ಪಟ್ಟು ಮಂದ, ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಡೀಸೆಲ್ಲು ಹತ್ತು ಪಟ್ಟು ಆಳಕ್ಕೆ ಇಳಿಯುತ್ತದೆ. ವರ್ಗಮೂಲದ ಇನ್ನೊಂದು ಮುಖ ತಾಳ್ಮೆಯದು. ಒಂದು ಗಂಟೆಯಲ್ಲಿ 3 ಮಿಲಿಮೀಟರು ಇಳಿದಿದ್ದರೆ 6ಕ್ಕೆ ನಾಲ್ಕು ಗಂಟೆ, 12ಕ್ಕೆ ಹದಿನಾರು ಗಂಟೆ. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಬನ್ನಿ ಎನ್ನುವ ಮೆಕ್ಯಾನಿಕ್ಕು ಕೆಲಸ ಮುಂದಕ್ಕೆ ಹಾಕುತ್ತಿಲ್ಲ. ಬೆಳಿಗ್ಗೆ ಸರಳಿನ ತುದಿಗೆ ಹಿತ್ತಾಳೆಯ ತುಂಡು ಆನಿಸಿ ಮೃದುವಾಗಿ ಎಡೆಬಿಡದೆ ತಟ್ಟಿದರೆ ತುಕ್ಕಿನ ಹರಳು ಒಡೆದು ಡೀಸೆಲ್ಲಿಗೆ ಹೊಸ ದಾರಿ ತೆರೆಯುತ್ತದೆ.

ಸರಳು ಸಡಿಲವಾಯಿತೆಂದು ಹಾಗೆಯೇ ಮುಚ್ಚಿದರೆ ಮುಂದಿನ ವಾರ ಅದೇ ಫೋನು. ಸವೆದ ತುದಿಯನ್ನು ವೆಲ್ಡಿಂಗಿನಿಂದ ತುಂಬಿ ಅರದಿಂದ ಮೊದಲಿನ ಅಳತೆಗೆ ಉಜ್ಜಬೇಕು, ಇಲ್ಲವೇ ಹೊಸ ಲಿವರು ಹಾಕಬೇಕು. ಪಿನ್ನನ್ನೂ ಹೊರತೆಗೆದು ಅದರ ತುದಿಗಳು ದುಂಡಾಗಿವೆಯೇ, ಜಜ್ಜಿಹೋಗಿವೆಯೇ ನೋಡಬೇಕು. ಹಿಂದೆ ಯಾರೋ ಬಿಚ್ಚಿದವರು ಅದನ್ನು ಹಾಕಲು ಮರೆತಿರುವುದೂ ಉಂಟು, ಅಂಥ ಗಾಡಿಯಲ್ಲಿ ಎರಡು ಗೇರು ಬೀಳುವುದು ಒಂದಲ್ಲ ಒಂದು ದಿನದ ಮಾತು. ಹಳೆಯ ಪ್ಯಾಕಿಂಗ್ ಹರಿದಿರುತ್ತದೆ. ಅಂಗಡಿಯಲ್ಲಿ ಸಿಗದಿದ್ದರೂ ಚಿಂತೆಯಿಲ್ಲ: ಪ್ಯಾಕಿಂಗ್ ಹಾಳೆಯನ್ನು ಮುಚ್ಚಳದ ಮೇಲೆ ಹಾಸಿ ಅಂಚಿನುದ್ದಕ್ಕೂ ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಾ ಹೋದರೆ ಬೀಡಿನ ಅಂಚೇ ಅದನ್ನು ಕತ್ತರಿಸಿಕೊಡುತ್ತದೆ, ಬೋಲ್ಟಿನ ತೂತೂ ಸೇರಿ.

ಕೊನೆಗೆ ಎಣ್ಣೆ. ಮ್ಯಾಸಿಯಲ್ಲಿ ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲು, ನೇಗಿಲೆತ್ತುವ ಹೈಡ್ರಾಲಿಕ್ ಪಂಪು ಮೂರಕ್ಕೂ ಒಂದೇ ಎಣ್ಣೆ. ಅದು ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಪೂರ್ತಿ ಇಳಿಸಿ ಬದಲಿಸಲೇಬೇಕು. ಸವೆದ ಗೇರಿನ ಸದ್ದಡಗಲಿ ಎಂದು ತೀರಾ ಮಂದದ ಎಣ್ಣೆ ಸುರಿಯುವವರಿದ್ದಾರೆ. ಅದರಿಂದ ಸದ್ದು ಕಡಿಮೆಯಾದೀತು, ಆದರೆ ಪಂಪಿಗೆ ಅದನ್ನು ಎಳೆಯುವುದು ಕಷ್ಟವಾಗಿ ಕಲ್ಟಿವೇಟರ್ ತಡವರಿಸುತ್ತಾ ಏಳುತ್ತದೆ. ಕೈಪಿಡಿ ಹೇಳಿದ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಎಂಜಿನ್ ಶುರು ಮಾಡುವ ಮುಂಚೆಯೇ ಪ್ರತಿಯೊಂದು ಗೇರನ್ನೂ ಹಾಕಿ ತೆಗೆದು ನೋಡಿ, ನಾಲ್ಕು ಕಡೆಯೂ ಟಕ್ ಕೇಳಬೇಕು. ಲಿವರಿನ ಬುಡಕ್ಕೆ ಹೊಸ ರಬ್ಬರು ಹಾಕಿಸಿ. ಅಂದೇ ಸಿಗದಿದ್ದರೆ ಹಳೆಯ ಟ್ಯೂಬಿನ ತುಂಡನ್ನು ಸುತ್ತಿ ತಂತಿಯಿಂದ ಬಿಗಿದರೂ ಆದೀತು, ಕೃತ್ತಿಕೆಯ ಮಳೆ ಒಳಗೆ ಇಳಿಯದಿದ್ದರೆ ಸರಿ.